ತೋಳಿನ ಮೇಲಿನ ಮೂರು ಗೆರೆ

1954ರ ಬೇಸಿಗೆಯಲ್ಲಿ ನಾನು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ನನಗಾಗ ಇಪ್ಪತ್ತೇಳು ವರ್ಷ, ಪ್ರೊಬೇಷನ್ ಮುಗಿಯಲು ಇನ್ನೂ ಐದು ತಿಂಗಳು ಬಾಕಿ. ನಾಲ್ಕು ಕಬ್ಬಿಣದ ಮಂಚ, ಒಂದು ಆಪರೇಷನ್ ಮೇಜು, ಸೀಮೆಎಣ್ಣೆ ಸ್ಟೌವಿನ ಮೇಲೆ ಕುದಿಯುವ ಸ್ಟೆರಿಲೈಜರು, ತೀರ್ಥಹಳ್ಳಿ ಕಡೆಯ ಕಾಂಪೌಂಡರ್ ಶೇಷಪ್ಪ. ಆಸ್ಪತ್ರೆ ಎಂದರೆ ಇಷ್ಟೇ.

ಈ ಪ್ರಕರಣಕ್ಕೆ ನನ್ನ ಬಳಿ ಮೂರು ಆಧಾರಗಳಿವೆ. ನಾನೇ ಬರೆದ ಗಾಯದ ಸರ್ಟಿಫಿಕೇಟಿನ ನಕಲು ಒಂದು. ಶೇಷಪ್ಪ ನಿವೃತ್ತನಾದ ಮೇಲೂ ಸಿಕ್ಕಾಗಲೆಲ್ಲ ಹೇಳುತ್ತಿದ್ದ ಕಥೆ ಎರಡನೆಯದು. ನನ್ನ ನೆನಪು ಮೂರನೆಯದು, ಎಲ್ಲಕ್ಕಿಂತ ದುರ್ಬಲವಾದದ್ದು. ನಲವತ್ತು ವರ್ಷಗಳಿಂದ ಅದು ನನ್ನ ಅನುಕೂಲಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾ ಬಂದಿದೆ. ಮೂರೂ ಹೊಂದದ ಕಡೆ ಹೊಂದುವುದಿಲ್ಲ ಎಂದೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಗಂಡಸರು ಒಂದು ಜೋಲಿಯನ್ನು ಹೊತ್ತು ತಂದರು. ಉದ್ದನೆಯ ಬಿದಿರಿಗೆ ಕಂಬಳಿ ಕಟ್ಟಿ ಮಾಡಿದ ಜೋಲಿ. ಮುಂದಿನವನ ಮೇಲ್ದುಟಿ ಸೀಳಿ ಬಾಯೆಲ್ಲ ಊದಿಕೊಂಡಿತ್ತು, ಎರಡು ಹಲ್ಲು ಇರಲಿಲ್ಲ. ಹಿಂದಿನವನ ತಲೆಗೆ ಸುತ್ತಿದ್ದ ಪಂಚೆಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಇಬ್ಬರೂ ಆರು ಮೈಲಿ ಒಂದೇ ಬಿದಿರಿಗೆ ಹೆಗಲು ಕೊಟ್ಟು ನಡೆದಿದ್ದರು. ಒಬ್ಬರಿಗೊಬ್ಬರು ಗಾಯ ಮಾಡಿದವರು ಅವರೇ ಎಂದು ನನಗೆ ತಿಳಿದದ್ದು ಅವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿದ ಮೇಲೆ.

"ಸಾರ್, ಇವರಿಬ್ರನ್ನೂ ಒಟ್ಟಿಗೆ ಕೂರಿಸಿದ್ರೆ ಆ ಬೆಂಚಿಗೂ ನೀವು ಸರ್ಟಿಫಿಕೇಟು ಬರೀಬೇಕಾಗ್ತದೆ," ಎಂದ ಶೇಷಪ್ಪ.

ಮುಂದಿನವನು ತಿಮ್ಮಪ್ಪ, ಜೋಲಿಯಲ್ಲಿದ್ದ ಹುಡುಗಿಯ ಅಪ್ಪ. ಹಿಂದಿನವನು ಮಂಜಯ್ಯ, ಹುಡುಗಿಯ ಸೋದರಮಾವ. ಜೋಲಿಯ ಪಕ್ಕದಲ್ಲೇ ಓಡಿಕೊಂಡು ಬಂದವಳು ಲಚ್ಚಮ್ಮ. ತಿಮ್ಮಪ್ಪನ ಹೆಂಡತಿ, ಮಂಜಯ್ಯನ ತಂಗಿ. ಹುಡುಗಿಯ ಹೆಸರು ಪದ್ದು, ಒಂಬತ್ತು ವರ್ಷ. ಲಚ್ಚಮ್ಮ ಮಗಳ ಎಡಗೈಯನ್ನು ಮೊಣಕೈಯ ಕೆಳಗೆ ತನ್ನ ಎರಡೂ ಅಂಗೈಯಲ್ಲಿ ಆತು ಹಿಡಿದಿದ್ದಳು. ಜೋಲಿಯಿಂದ ಮೇಜಿಗೆ ಎತ್ತುವಾಗಲೂ ಬಿಡಲಿಲ್ಲ.

ನಡೆದದ್ದನ್ನು ಗಂಡಸರಿಬ್ಬರೂ ಎರಡು ರೀತಿ ಹೇಳಿದರು. ಇಬ್ಬರೂ ಒಪ್ಪಿದ್ದು ಇಷ್ಟು. ಎರಡು ದಿನದ ಹಿಂದೆ ಮಂಜಯ್ಯ ಘಟ್ಟ ಹತ್ತಿ ಬಂದಿದ್ದ, ತಂಗಿಯನ್ನೂ ಅವಳ ಮಗಳನ್ನೂ ತನ್ನ ಮನೆಗೆ ಕರೆದುಕೊಂಡು ಹೋಗಲು. ತಿಮ್ಮಪ್ಪ ಒಪ್ಪಲಿಲ್ಲ. ಮಂಜಯ್ಯ ಹುಡುಗಿಯ ಎಡಗೈ ಹಿಡಿದು ಹೊಸಿಲಿನ ಹೊರಕ್ಕೆ ಎಳೆದ. ತಿಮ್ಮಪ್ಪ ಸೊಂಟದ ಕತ್ತಿ ಸೆಳೆದು ಮಂಜಯ್ಯನ ಕೈಗೆ ಬೀಸಿದ. ಏಟು ಬಿದ್ದದ್ದು ಮಗಳ ಮುಂಗೈಗೆ. ಮಾವ ಕೈ ಹಿಂದಕ್ಕೆಳೆದುಕೊಂಡನೋ, ಹುಡುಗಿ ಅಪ್ಪನ ಕಡೆಗೆ ಹಾರಿದಳೋ, ಅದನ್ನು ಕೋರ್ಟಿಗೂ ಪತ್ತೆ ಮಾಡಲಾಗಲಿಲ್ಲ. ಆಮೇಲೆ ಮಂಜಯ್ಯ ಒನಕೆಯಿಂದ ತಿಮ್ಮಪ್ಪನ ಬಾಯಿಗೆ ಕುಟ್ಟಿದ, ತಿಮ್ಮಪ್ಪ ಕತ್ತಿಯ ಬೆನ್ನಿನಿಂದ ಮಂಜಯ್ಯನ ತಲೆ ಒಡೆದ. ಹುಡುಗಿಯ ಗಾಯಕ್ಕೆ ಅರಿಶಿನ, ಸುಣ್ಣ ಮತ್ತು ಕೊಟ್ಟಿಗೆಯ ಮುಂದಿನ ಮಣ್ಣು ಮೆತ್ತಿ ಬಾಳೆನಾರಿನಲ್ಲಿ ಕಟ್ಟಿದರು. ಪೊಲೀಸರ ಭಯಕ್ಕೆ ಎರಡು ದಿನ ಮನೆಯಲ್ಲೇ ಇಟ್ಟುಕೊಂಡರು.

ಕಟ್ಟು ಬಿಚ್ಚಿದಾಗ ಬಂದ ವಾಸನೆಗೆ ಶೇಷಪ್ಪ ಕಿಟಕಿಯ ಕಡೆ ತಿರುಗಿದ. ಮುಂಗೈಯ ಎರಡೂ ಮೂಳೆ ತುಂಡಾಗಿದ್ದವು. ಬೆರಳುಗಳು ನೀಲಿ. ಗಾಯದ ಸುತ್ತಲಿನ ಚರ್ಮಕ್ಕೆ ಹಳೆಯ ಕಂಚಿನ ಬಣ್ಣ ಬಂದಿತ್ತು. ಅದನ್ನು ಒತ್ತಿದರೆ ಒಣಗಿದ ತರಗೆಲೆ ಮುರಿದಂತೆ ಬೆರಳಿನಡಿ ಚರಚರ ಎನ್ನುತ್ತಿತ್ತು. ಇದಕ್ಕೆ ಗ್ಯಾಸ್ ಗ್ಯಾಂಗ್ರೀನ್ ಎನ್ನುತ್ತಾರೆ. ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಸ್ನಾಯುವಿನೊಳಗೆ ಸೇರಿ ಅದನ್ನು ಕೊಳೆಸುತ್ತಾ, ಗಾಳಿಯನ್ನು ಹುಟ್ಟಿಸುತ್ತಾ ಮೇಲಕ್ಕೇರುತ್ತದೆ. ಏರುವ ವೇಗ ಗಂಟೆಗಳ ಲೆಕ್ಕದಲ್ಲಿ. ಭುಜ ದಾಟಿದರೆ ಯಾರೂ ಏನೂ ಮಾಡಲಾಗದು. ಪೆನ್ಸಿಲಿನ್ ಇತ್ತು, ಕೊಟ್ಟೆ. ಇದಕ್ಕೆಂದೇ ಇರುವ ಸೀರಂ ಇರಲಿಲ್ಲ. ಸಾಗರದ ಬಸ್ಸು ಆಗಲೇ ಹೋಗಿತ್ತು, ಮುಂದಿನದು ಮರುದಿನ. ಉಳಿದದ್ದು ಒಂದೇ ದಾರಿ, ಕೈ ಕತ್ತರಿಸುವುದು.

ನಾನು ಕಾಪಿಯಿಂಗ್ ಪೆನ್ಸಿಲನ್ನು ನೀರಿಗದ್ದಿ, ಚರಚರ ಸದ್ದು ನಿಲ್ಲುವ ಜಾಗಕ್ಕೆ ಚರ್ಮದ ಮೇಲೆ ನೇರಳೆ ಗೆರೆ ಎಳೆದೆ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ. ಪಕ್ಕದಲ್ಲಿ 10 ಎಂದು ಬರೆದೆ. ಹುಡುಗಿ ಕಣ್ಣು ಬಿಟ್ಟು ನೋಡುತ್ತಿದ್ದಳು. ಆಗಲೇ ಕತ್ತರಿಸಿದ್ದರೆ ಮೊಣಕೈ ಉಳಿಯುತ್ತಿತ್ತು. ಮೊಣಕೈ ಉಳಿದವರು ಕೊಡ ಸಿಕ್ಕಿಸಿಕೊಳ್ಳಬಹುದು, ಸೌದೆ ಅವುಚಿಕೊಳ್ಳಬಹುದು, ಮಗು ಎತ್ತಿಕೊಳ್ಳಬಹುದು. ಮೊಣಕೈ ಹೋದರೆ ಉಳಿಯುವುದು ಬರೀ ಮೋಟು. ಇಷ್ಟೆಲ್ಲ ನನಗೆ ಗೊತ್ತಿತ್ತು.

ಒಪ್ಪಿಗೆಯ ಫಾರಂ ತೆಗೆದು ತಿಮ್ಮಪ್ಪನ ಮುಂದೆ ಹಿಡಿದೆ.

"ಬ್ಯಾಡ ಸ್ವಾಮಿ," ಎಂದ. ಒಡೆದ ಬಾಯಿಂದ ಮಾತು ಸರಿಯಾಗಿ ಬರುತ್ತಿರಲಿಲ್ಲ. "ಸೂಜಿ ಚುಚ್ಚಿ. ಔಷ್ಧಿ ಕೊಡಿ. ಕೈ ಮಾತ್ರ ತೆಗೀಬ್ಯಾಡಿ. ಕೈ ಇಲ್ದ ಹುಡುಗೀನ ನಮ್ಮ ಪೈಕಿ ಯಾರ್ ಮಾಡ್ಕತಾರೆ?"

"ತೆಗೆಯದಿದ್ದರೆ ನಾಳೆ ಹೊತ್ತಿಗೆ ಸಾಯುತ್ತಾಳೆ."

"ಸತ್ರೆ ಒಂದ್ಸಲ ಸಾಯ್ತಾಳೆ," ಎಂದು ಗೋಡೆಯ ಕಡೆ ತಿರುಗಿದ.

ಮಂಜಯ್ಯ ಬೆಂಚಿನ ಆ ತುದಿಯಿಂದ ಎದ್ದ. "ಡಾಕ್ಟ್ರೆ, ಅವ್ನತ್ರ ಎಂತ ಕೇಂತ್ರಿ? ಅದ್ ನಮ್ಮ ಮನಿ ಹೆಣ್ಣ್. ನಾನ್ ಹೇಳ್ತೆ, ಕೊಯ್ದ್ ಬಿಡಿ."

ಇಲ್ಲಿ ಒಂದು ವಿವರ ಕೊಡಬೇಕು. ಇವರದು ಒಂದೇ ಜಾತಿ, ಒಂದೇ ದೇವರು, ಕೊಟ್ಟು ತರುವ ಸಂಬಂಧ. ಆದರೆ ಘಟ್ಟದ ಮೇಲಿನ ತಿಮ್ಮಪ್ಪನ ಕಡೆಯವರು ಮಕ್ಕಳಕಟ್ಟಿನವರು. ಅಪ್ಪನಿಂದ ಮಗನಿಗೆ ಮನೆ. ಹೆಣ್ಣು ಮದುವೆಯಾಗಿ ಹೊರಗೆ ಹೋಗುವವಳು. ಘಟ್ಟದ ಕೆಳಗೆ, ಆಗ ಮದ್ರಾಸು ರಾಜ್ಯಕ್ಕೆ ಸೇರಿದ್ದ ಸೀಮೆಯ ಮಂಜಯ್ಯನ ಕಡೆಯವರು ಅಳಿಯಕಟ್ಟಿನವರು. ಅಲ್ಲಿ ಮನೆ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತದೆ, ಆಡಳಿತ ಮಾತ್ರ ಅವಳ ಅಣ್ಣನದು. ಮಕ್ಕಳು ತಾಯಿಯ ಮನೆಯವರು, ಅಪ್ಪ ಬಂದು ಹೋಗುವವನು. ಲಚ್ಚಮ್ಮನಿಗೆ ಅಕ್ಕತಂಗಿಯರಿರಲಿಲ್ಲ, ಪದ್ದುವಿಗೂ ಇರಲಿಲ್ಲ. ಆ ಹುಡುಗಿ ಕೆಳಗಿಳಿಯದಿದ್ದರೆ ಮಂಜಯ್ಯನ ಲೆಕ್ಕದಲ್ಲಿ ಅವನ ಮನೆಯ ಬಾಗಿಲು ಮುಚ್ಚಿದಂತೆ. ಇಳಿದರೆ ತಿಮ್ಮಪ್ಪನ ಲೆಕ್ಕದಲ್ಲಿ ಅದು ಕಳ್ಳತನ. ಹೆಂಡತಿ ತವರಿಗೆ ನಡೆದಳೆಂದರೆ ಕೆಳಗಿನವರಿಗೆ ಅವಳು ತನ್ನ ಮನೆಗೆ ಹೋದಳು ಎಂದಷ್ಟೇ ಅರ್ಥ. ಮೇಲಿನವರಿಗೆ ಗಂಡನನ್ನು ಬಿಟ್ಟಳು ಎಂದು. ಮದುವೆಯಲ್ಲಿ ಈ ಮಾತನ್ನು ಯಾರೂ ಎತ್ತಿರಲಿಲ್ಲ. ಹತ್ತು ವರ್ಷ ಸುಮ್ಮನಿದ್ದ ಮಾತು ಕೊನೆಗೆ ಕತ್ತಿಯಾಗಿ ಎದ್ದಿತ್ತು.

ನನ್ನ ಮನೆಯ ವಿಷಯವನ್ನೂ ಹೇಳಬೇಕು. ನಾನು ಮಂಡ್ಯ ಕಡೆಯ ಮೇಷ್ಟರೊಬ್ಬರ ಮಗ. ನಮ್ಮ ಮನೆಯಲ್ಲಿ ಅಮ್ಮನಿಗೆ ಜ್ವರ ಬಂದರೂ ಡಾಕ್ಟರನ್ನು ಕರೆಯುವುದಕ್ಕೆ ಅಪ್ಪ ಶಾಲೆಯಿಂದ ಬರಬೇಕಿತ್ತು. ಸೋದರಮಾವ ಎಂದರೆ ಹಬ್ಬಕ್ಕೆ ಬರುವ ನೆಂಟ. ಆದ್ದರಿಂದ ಮಂಜಯ್ಯನಿಗೆ ಹೇಳಿದೆ: "ನೀವು ಮಾವ. ನಿಮ್ಮ ಒಪ್ಪಿಗೆ ನಡೆಯುವುದಿಲ್ಲ. ಅಪ್ಪ ಒಪ್ಪಬೇಕು, ಅದು ಕಾನೂನು."

"ಯಾರ ಕಾನೂನ್? ಮೈಸೂರಿಂದಾ?" ಎಂದು ನಕ್ಕ. "ಮಗಳ ಕೈ ಕಡ್ದವ ಅಪ್ಪ ಅಂಬ್ರು ಕಾಣಿ!"

"ಘಟ್ಟ ಹತ್ತಿ ಹೆಣ್ಣು ಕದಿಯಾಕೆ ಬಂದೋನು ಮಾವ," ಎಂದ ತಿಮ್ಮಪ್ಪ, ಗೋಡೆಯನ್ನು ನೋಡಿಕೊಂಡೇ.

ಮಧ್ಯಾಹ್ನದವರೆಗೂ ನಾನು ತಿಮ್ಮಪ್ಪನನ್ನು ಒಪ್ಪಿಸುತ್ತಾ ಕುಳಿತೆ. ಗದರಿದೆ. ಜೈಲಿನ ಹೆಸರು ಹೇಳಿದೆ. ಅವನ ಕತ್ತಿಯನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಶೇಷಪ್ಪ ನಡುವೆ ಎರಡು ಸಲ, "ಸಾರ್, ಮಾಡಿಬಿಡಾಣ," ಎಂದ. ಹುಡುಗಿ ಮೇಜಿನ ಮೇಲೆ ಸತ್ತರೆ ಅಪ್ಪ ನನ್ನ ಮೇಲೆ ದೂರು ಕೊಡುತ್ತಾನೆ, ಪ್ರೊಬೇಷನ್ ಹೋಗುತ್ತದೆ ಎಂಬ ಯೋಚನೆ ನನಗೆ ಬರಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಬಂದಿತ್ತು.

ಹನ್ನೆರಡಕ್ಕೆ ಎರಡನೆಯ ಗೆರೆ ಎಳೆದೆ, ಸರಿಯಾಗಿ ಮೊಣಕೈಯ ಮಡಿಕೆಯ ಮೇಲೆ. ನಾಡಿ ನೂರ ನಲವತ್ತು ದಾಟಿತ್ತು. ಹುಡುಗಿ ಅಳುತ್ತಿರಲಿಲ್ಲ. ಈ ರೋಗದಲ್ಲಿ ಬುದ್ಧಿ ಕೊನೆಯವರೆಗೂ ಚುರುಕಾಗಿಯೇ ಇರುತ್ತದೆ. ಅದೇ ಇದರ ಕ್ರೌರ್ಯ. ಅವಳು ಗೆರೆಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಲಚ್ಚಮ್ಮ ಆ ಕೈಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದಳು. ಅಣ್ಣ ಮತ್ತು ಗಂಡ ಇಬ್ಬರೂ ಇರುವ ಕಡೆ ಅವಳು ಮಾತಾಡಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ.

ವೆರಾಂಡದಲ್ಲಿ ಬೆಂಚು ಉರುಳಿದ ಸದ್ದು ಕೇಳಿ ಓಡಿದೆ. ಮಂಜಯ್ಯ ತಿಮ್ಮಪ್ಪನನ್ನು ಬೋರಲು ಕೆಡವಿ ಬೆನ್ನಿನ ಮೇಲೆ ಮಂಡಿಯೂರಿದ್ದ. ತಿಮ್ಮಪ್ಪನ ಎಡಗೈಯನ್ನು ಹಿಂದಕ್ಕೆ ತಿರುಚಿ, ಹೆಬ್ಬೆರಳನ್ನು ಹಿಡಿದು, ನನ್ನ ಮೇಜಿನಿಂದ ತಂದ ಸ್ಟಾಂಪ್ ಪ್ಯಾಡಿಗೆ ಅದುಮುತ್ತಿದ್ದ. ತಿಮ್ಮಪ್ಪ ಕಾಲು ಒದರಿ ಪ್ಯಾಡನ್ನು ಒದ್ದ. ಮಂಜಯ್ಯ ಅವನ ತಲೆಯನ್ನು ಸಿಮೆಂಟಿನ ನೆಲಕ್ಕೆ ಒಂದು, ಎರಡು, ಮೂರು ಸಲ ಬಡಿದ. ಸೀಳಿದ್ದ ತುಟಿ ಮತ್ತೆ ಒಡೆಯಿತು. ಬೆರಳನ್ನು ಫಾರಮ್ಮಿನ ಮೇಲೆ ಒತ್ತುವಾಗ ಹೆಬ್ಬೆರಳಿನ ಬುಡ ಲಟಕ್ಕೆಂದಿತು. ತಿಮ್ಮಪ್ಪ ಕೂಗಿದ ಕೂಗಿಗೆ ಒಳಗೆ ಹುಡುಗಿ ಮೊದಲ ಸಲ "ಅಪ್ಪಾ" ಎಂದಳು.

"ಆಯ್ತ್ ಡಾಕ್ಟ್ರೆ," ಎಂದು ಮಂಜಯ್ಯ ಫಾರಂ ನನ್ನ ಕಡೆ ನೀಡಿದ. ಏದುಸಿರು ಬಿಡುತ್ತಿದ್ದ. "ಅಪ್ಪಂದ್ ಬೇಕಂದ್ರಿ. ತಕಣಿ. ಕೈ ಹೋರೆ ಹೋಯ್ಲಿ, ಹೊಟ್ಟಿ ಇತ್ತಲೆ. ಮನಿ ನಡೂಕೆ ಅಷ್ಟ್ ಸಾಕ್."

ಅವನ ಮಾತಿನ ಅರ್ಥ ಸ್ಪಷ್ಟವಿತ್ತು. ಕೈ ಹೋದರೂ ಹುಡುಗಿ ಹೆರಬಲ್ಲಳು, ಮನೆ ಉಳಿಯುತ್ತದೆ. ಅವನು ಹುಡುಗಿಯ ಜೀವ ಉಳಿಸಲು ಗಂಟೆಗಟ್ಟಲೆ ಗುದ್ದಾಡಿದ್ದು ಇದಕ್ಕೆ. ನಾನು ಆ ಕಾಗದವನ್ನು ತೆಗೆದುಕೊಂಡೆ. ರಕ್ತ ಮತ್ತು ಶಾಯಿ ಬೆರೆತ ಗುರುತು. ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆಟ್ಟಿನ ಗೆರೆಗಳು ಓದುವಷ್ಟು ಸ್ಪಷ್ಟವಾಗಿವೆಯೇ ಎಂದು ಪರೀಕ್ಷಿಸಿದೆ. ಇದು ಸರ್ಟಿಫಿಕೇಟಿನಲ್ಲಿ ಇಲ್ಲ. ಶೇಷಪ್ಪನೂ ಎಂದೂ ಹೇಳಲಿಲ್ಲ. ಆದರೆ ನನ್ನ ನೆನಪು ಮರೆಮಾಚಲು ಸೋತದ್ದು ಇದೊಂದೇ ಆದ್ದರಿಂದ ಇದು ನಡೆದಿರಲೇಬೇಕು.

ಗೆರೆಗಳು ಸ್ಪಷ್ಟವಾಗಿರಲಿಲ್ಲ.

ತಿಮ್ಮಪ್ಪನ ಹೆಬ್ಬೆರಳು ಕೀಲು ತಪ್ಪಿತ್ತು. ಎಳೆದು ಕೂರಿಸಿದೆ, ಸರಿಯಾಗಿ ಕೂರಲಿಲ್ಲ. ಆ ನೋವಿನಲ್ಲಿ ಅವನು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ನಮ್ಮಕ್ಕನ ನಾಕು ಬೆರಳು ಆಲೆಮನೇಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋತು ಸ್ವಾಮಿ. ಆಗಿದ್ದ ನಿಶ್ಚಯ ಮುರೀತು. ಹದಿನೆಂಟು ವರ್ಷ ನಮ್ಮನೇಲೇ ಇದ್ಲು. ನಮ್ಮ ಹೆಂಗಸ್ರೆಲ್ಲ ಉಂಡಾದ ಮೇಲೆ ಉಂತಿದ್ಲು. ಮೂರು ಸಲ ಕೆರೆಗೆ ಬಿದ್ಲು. ಎರಡು ಸಲ ನಾನೇ ಎತ್ತಿದೆ. ಪದ್ದೂಗೆ ಅದು ಬ್ಯಾಡ. ನೀವು ಉಳಸ್ತೀರಿ, ಆಮೇಲೆ ದಿನಾ ನೋಡೋನು ನಾನು."

ಬೆಳಗಿನಿಂದ ನಾನು ಇವನನ್ನು ಕಟುಕ ಎಂದುಕೊಂಡಿದ್ದೆ. ಈಗ ಅದೂ ಕೈತಪ್ಪಿತು. ಒಳಗೆ ಹೋದೆ. ಎರಡು ಗಂಟೆ. ಮೂರನೆಯ ಗೆರೆ ಮೊಣಕೈಯಿಂದ ಮೂರು ಬೆರಳು ಮೇಲೆ.

ಆಗ ನಡೆದದ್ದಕ್ಕೆ ಎರಡು ಪಾಠಾಂತರಗಳಿವೆ. ನನ್ನ ನೆನಪಿನಲ್ಲಿ ಲಚ್ಚಮ್ಮನ ಕೈಯಲ್ಲಿ ಗಂಡನ ಕತ್ತಿ ಇದೆ. ಅದನ್ನು ಎತ್ತಿ, ನೀವು ಕೊಯ್ಯದಿದ್ದರೆ ನಾನೇ ಕೊಯ್ಯುತ್ತೇನೆ ಎನ್ನುವಂತೆ ನನ್ನನ್ನು ನೋಡುತ್ತಿದ್ದಾಳೆ. ಬಹಳ ಜನರಿಗೆ ಹಾಗೆಯೇ ಹೇಳಿದ್ದೇನೆ, ಎಲ್ಲರೂ ಮೆಚ್ಚಿದ್ದಾರೆ. ಶೇಷಪ್ಪ ಒಪ್ಪುವುದಿಲ್ಲ. "ಕತ್ತಿ ಬೀರುವಿನಲ್ಲಿತ್ತು ಸಾರ್, ಬೀಗದ ಕೈ ನಿಮ್ಮ ಜೇಬಲ್ಲಿತ್ತು," ಎನ್ನುತ್ತಾನೆ. ಅವನ ಪ್ರಕಾರ ಲಚ್ಚಮ್ಮ ಮಗಳ ಕೈಯನ್ನು ಅವನ ಕೈಗೆ ಕೊಟ್ಟು, ವೆರಾಂಡಕ್ಕೆ ಹೋಗಿ, ನೆಲದಲ್ಲಿ ಬಿದ್ದಿದ್ದ ಸ್ಟಾಂಪ್ ಪ್ಯಾಡನ್ನು ಎತ್ತಿಕೊಂಡು ಬಂದಳು. ಗಂಡನನ್ನು ದಾಟಿಕೊಂಡೇ ಹೋದಳು, ದಾಟಿಕೊಂಡೇ ಬಂದಳು. ತಡೆಯಲು ಬಂದ ಅಣ್ಣನ ಎದೆಗೆ ಮೊಣಕೈಯಿಂದ ತಿವಿದಳು. ಶೇಷಪ್ಪ ಹೇಳುವುದೇ ಸರಿ. ಅವಳು ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

"ಹೆತ್ತದ್ದ್ ನಾನ್. ಎಲ್ಲಿ ಒತ್ಕ್ ಹೇಳಿ, ಒತ್ತತೆ."

ಫಾರಮ್ಮಿನಲ್ಲಿ ಜಾಗ ತೋರಿಸಿದೆ. ಒತ್ತಿದಳು. ಗೆರೆಗಳು ಅಚ್ಚು ಹಾಕಿದ ಹಾಗೆ ಬಿದ್ದವು.

ಶೇಷಪ್ಪ ಕ್ಲೋರೋಫಾರಂ ಕೊಟ್ಟ. ಮೂರನೆಯ ಗೆರೆಗಿಂತ ಎರಡು ಬೆರಳು ಮೇಲೆ ಕತ್ತರಿಸಿದೆ. ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟೆ. ಈ ರೋಗದಲ್ಲಿ ಹಾಗೆಯೇ ಬಿಡಬೇಕು. ಕತ್ತರಿಸಲು ಹಿಡಿದದ್ದು ಹನ್ನೊಂದು ನಿಮಿಷ. ಕಾದದ್ದು ನಾಲ್ಕು ಗಂಟೆ. ಬೇರ್ಪಟ್ಟ ಕೈ ಎನಾಮಲ್ ತಟ್ಟೆಯಲ್ಲಿತ್ತು, ಅದರ ಮೇಲೆ ನನ್ನ ಅಕ್ಷರದಲ್ಲಿ 10, 12, 2. ಅದನ್ನು ಹೂಳಲು ಗಂಡಸರಿಬ್ಬರೂ ಹೋದರು. ಆ ದಿನ ಅವರು ಜಗಳವಾಡದೆ ಮಾಡಿದ ಎರಡನೆಯ ಕೆಲಸ ಅದು.

ಹುಡುಗಿ ಬದುಕಿದಳು. ತಿಮ್ಮಪ್ಪ ಸಾಗರದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಹೇಳಿಕೆಗೆ ಗುರುತು ಹಾಕಲು ಹೇಳಿದಾಗ ಎಡಗೈ ಮುಂದೆ ತಂದ. ಸೊಟ್ಟಗಾಗಿದ್ದ ಹೆಬ್ಬೆರಳನ್ನು ತಾನೇ ಒಂದು ಕ್ಷಣ ನೋಡಿ, ಹಿಂದಕ್ಕೆ ತೆಗೆದುಕೊಂಡು ಬಲಗೈ ಕೊಟ್ಟ. ಶಿಕ್ಷೆಯಾಯಿತು. ಮಂಜಯ್ಯನಿಗೂ ಆಯಿತು, ಸ್ವಲ್ಪ ಕಡಿಮೆ. ತಾಯಿ ಮಗಳು ಘಟ್ಟ ಇಳಿದರು.

1958ರಲ್ಲಿ ಸಿಡುಬಿನ ಲಸಿಕೆಯ ಕೆಲಸಕ್ಕೆ ನನ್ನನ್ನು ಘಟ್ಟದ ಕೆಳಗೆ ಹಾಕಿದರು. ಆ ಹೊತ್ತಿಗೆ ಎರಡು ಕಡೆಯೂ ಒಂದೇ ರಾಜ್ಯವಾಗಿತ್ತು. ಒಂದು ಮಧ್ಯಾಹ್ನ ಒಂದು ಮನೆಯ ಜಗಲಿಗೆ ಹತ್ತಿದಾಗ ಲಚ್ಚಮ್ಮ ನೀರು ಬೆಲ್ಲ ತಂದಿಟ್ಟಳು. ನನಗೆ ಗುರುತು ಹತ್ತಲಿಲ್ಲ, ಅವಳಿಗೆ ಹತ್ತಿತ್ತು. ಅಳಿಯಕಟ್ಟಿನ ಮನೆಯಲ್ಲಿ ಹೆಣ್ಣೇ ದೊಡ್ಡವಳು ಎಂದು ನಾನು ಊಹಿಸಿಕೊಂಡಿದ್ದೆ. ಒಳಗಿನಿಂದ ಮಂಜಯ್ಯ ಬಂದವನೇ, ಅಕ್ಕಿ ಬಿಸಿಲಿಗೆ ಹಾಕಲಿಲ್ಲವೆಂದು ತಂಗಿಯ ಮೇಲೆ ಕೈಯೆತ್ತಿದ. ನನ್ನನ್ನು ನೋಡಿ ಇಳಿಸಿದ. ಪದ್ದುವಿಗೆ ಗಂಡು ನೋಡಿಯಾಗಿದೆ, ಎರಡು ವರ್ಷ ಬಿಟ್ಟು ಮದುವೆ ಎಂದ.

"ಅವಳನ್ನು ಕೇಳಿದಿರಾ?" ಎಂದೆ.

"ಅದ್ರ ಹತ್ರ ಕೇಂಬ್ದ್ ಎಂತ?" ಎಂದ, ನಿಜವಾಗಿಯೂ ಆಶ್ಚರ್ಯದಿಂದ.

ಪದ್ದು ಲಸಿಕೆಗೆ ಬಲತೋಳು ಒಡ್ಡಿ ಕುಳಿತಳು. ಹದಿಮೂರು ವರ್ಷ, ತಾಯಿಯದೇ ಮುಖ. ಎಡಗಡೆ ರವಿಕೆಯ ತೋಳನ್ನು ಮಡಚಿ ಹೊಲಿದಿತ್ತು. ಸೂಜಿಯನ್ನು ನೋಡದೆ ನನ್ನನ್ನೇ ನೋಡುತ್ತಿದ್ದಳು.

"ಡಾಕ್ಟ್ರೆ, ಮೊದ್ಲ್ ಗೆರಿ ಹಾಕ್ದಾಗ್ಳೇ ಕೊಯ್ದಿದ್ರೆ ಮೊಣಕೈ ಉಳೀತಿತ್ತಾ?"

ಸುಳ್ಳು ಹೇಳಬಹುದಿತ್ತು. "ಉಳೀತಿತ್ತು," ಎಂದೆ.

"ಮತ್ತೆ ಎಂತಕ್ಕೆ ಕಾದ್ರಿ?"

"ನಿಮ್ಮಪ್ಪ ಒಪ್ಪಲಿ ಅಂತ."

ಅವಳಿಗೆ ಸಿಟ್ಟೇನೂ ಇರಲಿಲ್ಲ, ತಿಳಿಯದ್ದನ್ನು ಕೇಳುವ ದನಿ. "ಅಬ್ಬಿ ಅಲ್ಲೇ ಇದ್ದಿತ್ತಲೆ," ಎಂದಳು. ಅಮ್ಮ ಅಲ್ಲೇ ಇದ್ದಳಲ್ಲ, ಎಂದು.

ಕ್ಯಾಂಪಿನಿಂದ ಮರಳಿದ ಮೇಲೆ ಒಪ್ಪಿಗೆಯ ಫಾರಮ್ಮೊಂದನ್ನು ತೆಗೆದು ಮೊದಲಿನಿಂದ ಓದಿದೆ. ಅದೇ ಹಳೆಯ ಫಾರಂ. ಅದರಲ್ಲಿ "ರೋಗಿ ಅಥವಾ ಹತ್ತಿರದ ಸಂಬಂಧಿ" ಎಂದಿತ್ತು. ಅಪ್ಪ ಎಂದು ಎಲ್ಲೂ ಇರಲಿಲ್ಲ. ನಾನು ಮಂಜಯ್ಯನಿಗೆ ಹೇಳಿದ ಕಾನೂನು ಮೈಸೂರಿನದೂ ಅಲ್ಲ, ಮದ್ರಾಸಿನದೂ ಅಲ್ಲ. ಮಂಡ್ಯದ ಬಳಿಯ ಒಬ್ಬ ಮೇಷ್ಟರ ಮನೆಯದು. ಅದನ್ನು ನಾನು ಬಿಳಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಘಟ್ಟದಂಚಿಗೆ ಬಂದಿದ್ದೆ. ತಿಮ್ಮಪ್ಪ ತಂದದ್ದು ಅವನ ಅಕ್ಕನ ಕೆರೆಯನ್ನು, ಮಂಜಯ್ಯ ತಂದದ್ದು ಮುಚ್ಚಲಿರುವ ಬಾಗಿಲನ್ನು. ಮೂವರು ಗಂಡಸರು ಮೂರು ಮನೆಗಳನ್ನು ಹೊತ್ತು ಆ ಹುಡುಗಿಯ ಕೈಯ ಸುತ್ತ ನಿಂತಿದ್ದೆವು. ಅವರಿಬ್ಬರ ಕೈಯಲ್ಲಿದ್ದ ಆಯುಧ ಎಲ್ಲರಿಗೂ ಕಾಣುತ್ತಿತ್ತು. ನನ್ನದು ಪೆನ್ಸಿಲು.

ಆಮೇಲಿನ ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ. ಗಾಯಾಳು ಬಂದಾಗ ಮಾತಾಡುತ್ತಿರುವವರು ಯಾರೆಂದು ನೋಡುವುದಿಲ್ಲ. ಗಾಯದ ಮೇಲೆ ಯಾರ ಕೈ ಇದೆ ಎಂದು ನೋಡುತ್ತೇನೆ, ಮೊದಲು ಅವರನ್ನು ಕೇಳುತ್ತೇನೆ. ಗಾಯಾಳುವಿಗೆ ಎಚ್ಚರವಿದ್ದರೆ, ಎಷ್ಟೇ ಚಿಕ್ಕವರಿದ್ದರೂ, ಅವರಿಗೂ ಹೇಳುತ್ತೇನೆ. ಇದರಿಂದ ಕೆಲವರು ಉಳಿದರು. ಕೆಲವು ಸಲ ಆ ಕೈಯೇ ಗಾಯ ಮಾಡಿದ್ದೂ ಆಗಿತ್ತು. ಆದ್ದರಿಂದ ಇದನ್ನು ನಿಯಮ ಎನ್ನಲಾರೆ. ಆದರೆ ಅಂದು ಹತ್ತು ಗಂಟೆಗೆ ಲಚ್ಚಮ್ಮನ ಎರಡು ಅಂಗೈ ಇದ್ದದ್ದು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ. ಗೆರೆ ಎಳೆಯಲು ಅವನ್ನು ನಾನೇ ಪಕ್ಕಕ್ಕೆ ಸರಿಸಿದೆ.